ಗಾಲ್ಜಿಯೊಳಗಿನ ಕೈನೇಸ್‌ಗಳು ಮತ್ತು ಕ್ಯಾನ್ಸರ್: ಫ್ಯಾಮ್20ಸಿ ಬಗ್ಗೆ ಎಷ್ಟು ಹೇಳಬಹುದು?

ಕ್ಯಾನ್ಸರ್ ಚಿಕಿತ್ಸೆಯ ಮಾತು ಬಂದರೆ ಕೈನೇಸ್ ಎಂಬ ಹೆಸರು ಈಗ ಬಂದೇ ಬರುತ್ತದೆ. ಕೋಶದ ಇಂಧನದಂಥ ಅಣುವಾದ ಎಟಿಪಿಯಿಂದ ಒಂದು ಫಾಸ್ಫೇಟ್ ತೆಗೆದು ಇನ್ನೊಂದು ಪ್ರೋಟೀನಿಗೆ ಅಂಟಿಸುವ ಕಿಣ್ವಗಳಿಗೆ ಈ ಹೆಸರು. 2001ರಲ್ಲಿ ಇಮ್ಯಾಟಿನಿಬ್ ಬಳಕೆಗೆ ಬಂದ ಮೇಲೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಮಾತ್ರೆಯಲ್ಲೇ ಹತೋಟಿಗೆ ಬರುವ ಕಾಯಿಲೆಯಾಯಿತು. ಅದಾದ ಮೇಲೆ ಬಂದ ಹತ್ತಾರು ಕೈನೇಸ್ ಔಷಧಗಳ ಗುರಿಯೆಲ್ಲ ಇರುವುದು ಒಳಬದಿಯಲ್ಲೇ: ಜೀವಕೋಶದ ಒಳದ್ರವದಲ್ಲಿ, ನ್ಯೂಕ್ಲಿಯಸ್ಸಿನಲ್ಲಿ, ಇಲ್ಲವೇ ಹೊರಪೊರೆಯ ಒಳಮೈಯಲ್ಲಿ. 2002ರಲ್ಲಿ ಮನುಷ್ಯರ ಕೈನೇಸ್‌ಗಳನ್ನು ಒಟ್ಟುಮಾಡಿ 518ರ ಪಟ್ಟಿ ಪ್ರಕಟಿಸಿದಾಗಲೂ ಹುಡುಕಾಟ ನಡೆದದ್ದು ಮುಖ್ಯವಾಗಿ ಈ ಪರಿಚಿತ ಕೈನೇಸ್‌ಗಳ ಚಹರೆ ಹಿಡಿದೇ.

ಆದರೆ ಕೋಶ ಹೊರಗೆ ಕಳಿಸುವ ಪ್ರೋಟೀನುಗಳ ಮೇಲೂ ಫಾಸ್ಫೇಟ್ ಇರುತ್ತದೆ, ಮತ್ತು ಅದು ವಿಜ್ಞಾನಕ್ಕೆ ಗೊತ್ತಾಗಿ ನೂರು ವರ್ಷದ ಮೇಲಾಗಿದೆ. ಹಾಲಿನ ಕೇಸಿನ್‌ ಪ್ರೋಟೀನಿನಲ್ಲಿ ರಂಜಕ (ಫಾಸ್ಫೇಟಿನ ಮೂಲಧಾತು) ಇದೆಯೆಂದು ಸ್ವೀಡನ್ನಿನ ಓಲೋಫ್ ಹ್ಯಾಮರ್‌ಸ್ಟೆನ್ 1883ರಷ್ಟು ಹಿಂದೆಯೇ ಹೇಳಿದ್ದರು. ಹಸುವಿನ ಹಾಲಿನ ಬೀಟಾ-ಕೇಸಿನ್ ಒಂದರಲ್ಲಿ ಐದು ಫಾಸ್ಫೇಟ್‌ಗಳಿವೆ. ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದು ಅವೇ. 1954ರಲ್ಲಿ ಬರ್ನೆಟ್ ಮತ್ತು ಕೆನಡಿ, ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ಮೊದಲ ಬಾರಿಗೆ ತೋರಿಸಿದಾಗ ಬಳಸಿದ್ದೂ ಕೇಸಿನ್ನನ್ನೇ. ಅಲ್ಲಿಂದ ಮುಂದೆ ಕೇಸಿನ್ ಕೈನೇಸ್-1, ಕೇಸಿನ್ ಕೈನೇಸ್-2 ಎಂಬ ಹೆಸರುಗಳು ನಿಂತವು. ಇವೆರಡೂ ಒಳದ್ರವ ಮತ್ತು ನ್ಯೂಕ್ಲಿಯಸ್ಸಿನಲ್ಲಿ ಕೆಲಸ ಮಾಡುವಂಥವು, ಹಾಲಿನ ಕೇಸಿನ್‌ನ ಮುಖವನ್ನೇ ನೋಡದಂಥವು. ಅದಕ್ಕೆ ನಿಜವಾಗಿ ಫಾಸ್ಫೇಟ್ ಹಚ್ಚುವ ಕಿಣ್ವ ಸಿಕ್ಕಿದ್ದು 2012ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನಲ್ಲಿ ಜ್ಯಾಕ್ ಡಿಕ್ಸನ್ ಪ್ರಯೋಗಾಲಯದ ವಿನ್ಸೆಂಟ್ ಟಾಗ್ಲಿಯಾಬ್ರಾಚಿ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಅದೇ ಫ್ಯಾಮ್20ಸಿ. 518ರ ಪಟ್ಟಿಯಲ್ಲಿ ಇದರ ಹೆಸರಿರಲಿಲ್ಲ.

ಇದಕ್ಕೆ ಸುಳಿವು ಕೊಟ್ಟದ್ದು ಹಣ್ಣುನೊಣ. ನೊಣದ ಫೋರ್-ಜಾಯಿಂಟೆಡ್ ಎಂಬ ಪ್ರೋಟೀನ್, ಹೊರಗೆ ಹೋಗುವ ಪ್ರೋಟೀನುಗಳನ್ನು ಕೋಶ ಸಜ್ಜುಗೊಳಿಸುವ ಗಾಲ್ಜಿ ಎಂಬ ಪೊರೆಚೀಲಗಳೊಳಗೇ ಕುಳಿತು, ಫ್ಯಾಟ್ ಮತ್ತು ಡ್ಯಾಕ್ಸಸ್ ಎಂಬ ದೊಡ್ಡ ಕ್ಯಾಡ್ಹೆರಿನ್‌ಗಳಿಗೆ (ಕೋಶಗಳನ್ನು ಒಂದಕ್ಕೊಂದು ಹಿಡಿಸುವ ಪ್ರೋಟೀನುಗಳಿಗೆ) ಫಾಸ್ಫೇಟ್ ಹಚ್ಚುತ್ತದೆಂದು ಕೆನ್ನೆತ್ ಅರ್ವಿನ್ ಅವರ ತಂಡ 2008ರಲ್ಲಿ ತೋರಿಸಿತ್ತು. ಅದನ್ನು ಹೋಲುವ ಅನುಕ್ರಮಗಳನ್ನು ಹುಡುಕುತ್ತ ಹೋದಾಗ ಮನುಷ್ಯರಲ್ಲಿ ಒಂದು ಚಿಕ್ಕ ಬಳಗವೇ ಕಾಣಿಸಿತು. ಫ್ಯಾಮ್20ಎ, ಬಿ, ಸಿ, ಎಫ್‌ಜೆಎಕ್ಸ್1, ಫ್ಯಾಮ್198ಎ, ಬಿ, ವಿಎಲ್‌ಕೆ, ಪಿಒಎಂಕೆ, ಫ್ಯಾಮ್69ರ ಮೂರು, ಡಿಐಎ1 ಮತ್ತು ಅದರ ಜೋಡಿ. ಒಟ್ಟು ಹದಿಮೂರು. ಇವುಗಳಲ್ಲಿ ಕೆಲವು ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತವೆ, ಕೆಲವು ಪ್ರೋಟೀನಿಗೆ ಅಂಟಿದ ಸಕ್ಕರೆಗೆ ಹಚ್ಚುತ್ತವೆ. ಉಳಿದವುಗಳ ಕೆಲಸ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ.

ಕ್ಯಾನ್ಸರ್‌ಗೂ ಇವಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಕಳೆದ ಕೆಲವು ವರ್ಷಗಳಲ್ಲಿ ಜೋರಾಗಿದೆ. ಗಡ್ಡೆ ತನ್ನ ಸುತ್ತಲಿನ ಅಂಗಾಂಶದೊಡನೆ ವ್ಯವಹರಿಸುವುದೆಲ್ಲ ಹೊರಗೆ ಕಳಿಸುವ ಪ್ರೋಟೀನುಗಳ ಮೂಲಕ: ಅಂಟಿಕೊಳ್ಳುವುದು, ಬಿಡಿಸಿಕೊಳ್ಳುವುದು, ಹಾದಿ ಕೊರೆಯುವುದು, ರಕ್ತನಾಳ ಕರೆಸಿಕೊಳ್ಳುವುದು, ಮೂಳೆಯಲ್ಲಿ ನೆಲೆಯೂರುವುದು. ಆ ಪ್ರೋಟೀನುಗಳು ಹೊರಬೀಳುವ ಮುನ್ನ ಅವುಗಳ ಮೇಲೆ ಕೊನೆಯ ತಿದ್ದುಪಡಿ ಮಾಡುವವರ ಸಾಲಿನಲ್ಲಿ ಈ ಕೈನೇಸ್‌ಗಳಿವೆ. ಹಾಗಾಗಿ ಕುತೂಹಲ ಸಹಜ. ಆದರೆ 'ಈ ಕ್ಯಾನ್ಸರ್‌ನಲ್ಲಿ ಫ್ಯಾಮ್20ಸಿ ಹೆಚ್ಚಿದೆ, ಆದ್ದರಿಂದ ಇದು ಹೊಸ ಗುರಿ' ಎಂಬ ಧಾಟಿಯ ಪ್ರಬಂಧಗಳು ಸಾಲುಸಾಲಾಗಿ ಬರುತ್ತಿರುವಾಗ, ಹೆಚ್ಚಿರುವುದು ಏನು, ಅಳೆದದ್ದು ಏನು ಎಂದು ಕೇಳಲೇಬೇಕಾಗಿದೆ.

ಫ್ಯಾಮ್20ಸಿ ಮಾಡುವ ಕೆಲಸ

ಇದು ಗುರುತಿಸುವ ಅನುಕ್ರಮ ಬಹಳ ಸರಳ: ಸೀರಿನ್, ನಂತರ ಯಾವುದಾದರೂ ಒಂದು ಅಮೈನೋ ಆಮ್ಲ, ನಂತರ ಗ್ಲುಟಾಮೇಟ್. ಬರಹದಲ್ಲಿ ಎಸ್-ಎಕ್ಸ್-ಇ ಎನ್ನುತ್ತಾರೆ. ಮೂರನೆಯ ಜಾಗದಲ್ಲಿ ಆಗಲೇ ಫಾಸ್ಫೇಟ್ ಹಚ್ಚಿದ ಸೀರಿನ್ ಇದ್ದರೂ ನಡೆಯುತ್ತದೆ. ಹೀಗಾಗಿ ಒಂದು ಫಾಸ್ಫೇಟ್ ಬಿದ್ದ ಮೇಲೆ ಅದರ ಪಕ್ಕದ ಸೀರಿನ್ನಿಗೂ ದಾರಿ ತೆರೆದು, ಸಾಲಾಗಿ ಬೀಳುತ್ತ ಹೋಗಬಹುದು. ಮನುಷ್ಯರ ಸ್ರಾವಗಳಲ್ಲಿ ಕಂಡುಬಂದ ಫಾಸ್ಫೋಪ್ರೋಟೀನುಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚಿನವುಗಳಲ್ಲಿ ಈ ಗುರುತಿದೆ. 2015ರಲ್ಲಿ ಡಿಕ್ಸನ್ ಅವರ ತಂಡ ಕ್ರಿಸ್ಪರ್ ಎಂಬ ವಂಶವಾಹಿ ಕತ್ತರಿ ಬಳಸಿ ಯಕೃತ್ತು, ಸ್ತನ ಮತ್ತು ಮೂಳೆಯ ಕೋಶತಳಿಗಳಲ್ಲಿ ಫ್ಯಾಮ್20ಸಿಯನ್ನು ತೆಗೆದುಹಾಕಿ, ಕೋಶಗಳು ಹೊರಬಿಟ್ಟ ದ್ರವವನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡಿತು. ನೂರಕ್ಕೂ ಹೆಚ್ಚು ಪ್ರೋಟೀನುಗಳು ಇದರ ಲೆಕ್ಕಕ್ಕೆ ಬಂದವು. ಒಳದ್ರವದಲ್ಲಿ ನೂರಾರು ಕೈನೇಸ್‌ಗಳು ಹಂಚಿಕೊಳ್ಳುವ ಕೆಲಸದ ಬಹುಪಾಲನ್ನು ಸ್ರಾವದ ಹಾದಿಯಲ್ಲಿ ಒಂದೇ ಕೈನೇಸ್ ಹೊತ್ತಿದೆ ಎಂಬುದು ಅಂದಿನ ದೊಡ್ಡ ಸುದ್ದಿ.

ಆ ಅಧ್ಯಯನದಲ್ಲಿ ಸ್ತನದ ಕೋಶತಳಿಯಾಗಿ ಬಳಸಿದ್ದು ಎಂಡಿಎ-ಎಂಬಿ-231. ಟ್ರಿಪಲ್ ನೆಗೆಟಿವ್ (ಸ್ತನ ಕ್ಯಾನ್ಸರ್ ಔಷಧಗಳ ಮೂರು ಸಾಮಾನ್ಯ ಗುರಿಗಳೂ ಇಲ್ಲದ) ಬಗೆಯದು, ಆಕ್ರಮಣಶೀಲವಾದದ್ದು, ಪ್ರಯೋಗಾಲಯಗಳಲ್ಲಿ ಎಲ್ಲರಿಗೂ ಪರಿಚಿತ. ಫ್ಯಾಮ್20ಸಿ ಇಲ್ಲದ ಕೋಶಗಳ ಅಂಟುವ, ಚಲಿಸುವ, ಜೆಲ್ ಕೊರೆದು ಒಳನುಗ್ಗುವ ಶಕ್ತಿ ಕುಗ್ಗಿತು. ಕ್ಯಾನ್ಸರ್ ಹರಡುವಿಕೆಯ ಜೊತೆ ಈ ಕಿಣ್ವವನ್ನು ನೇರವಾಗಿ ಜೋಡಿಸಿದ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೊಂದು.

ಕೋಶದ ಒಳಗಿನ ಪರಿಣಾಮಗಳೂ ಗೊತ್ತಾಗಿವೆ. ಪ್ರೋಟೀನಿನೊಳಗೆ ಗಂಧಕದ ಬಂಧಗಳನ್ನು ಕಟ್ಟಿಸುವ ಇರೋ1-ಆಲ್ಫಾ ಎಂಬ ಕಿಣ್ವದ 145ನೇ ಸೀರಿನ್ನಿಗೆ ಗಾಲ್ಜಿಯಲ್ಲಿ ಫಾಸ್ಫೇಟ್ ಬೀಳುತ್ತದೆ, ಇಆರ್‌ಪಿ44 ಎಂಬ ಪ್ರೋಟೀನ್ ಅದನ್ನು ಮತ್ತೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೆ (ಪ್ರೋಟೀನುಗಳು ಮಡಚಿಕೊಳ್ಳುವ, ಗಾಲ್ಜಿಗೆ ಮುಂಚಿನ ಜಾಗಕ್ಕೆ) ಹಿಂದಿರುಗಿಸುತ್ತದೆ, ಅಲ್ಲಿ ಅದರ ಚಟುವಟಿಕೆ ಏರುತ್ತದೆ. ಆಮ್ಲಜನಕ ಕಡಿಮೆಯಾದಾಗ ಇದು ಹೆಚ್ಚುತ್ತದೆಂದು ಚೀನಾದ ಸಂಶೋಧಕರು 2018ರಲ್ಲಿ ತೋರಿಸಿದರು. ಗಡ್ಡೆಯ ನಡುಭಾಗ ಸದಾ ಆಮ್ಲಜನಕದ ಕೊರತೆಯಲ್ಲಿರುವುದರಿಂದ ಈ ಸಂಗತಿಗೆ ತೂಕವಿದೆ. ಮಡಚಿಕೊಳ್ಳದ ಪ್ರೋಟೀನುಗಳು ರಾಶಿಬಿದ್ದಾಗ ಫ್ಯಾಮ್20ಸಿ ಪಿಡಿಐ ಎಂಬ ಇನ್ನೊಂದು ಕಿಣ್ವದ 357ನೇ ಸೀರಿನ್ನಿಗೂ ಫಾಸ್ಫೇಟ್ ಹಚ್ಚುತ್ತದೆ. ಆಗ ಪಿಡಿಐ ಪ್ರೋಟೀನ್ ಮಡಚುವ ಕೆಲಸ ಬಿಟ್ಟು ಅವು ಒಂದಕ್ಕೊಂದು ಮುದ್ದೆಗಟ್ಟದಂತೆ ಹಿಡಿದುಕೊಳ್ಳುವ ಕೆಲಸಕ್ಕೆ ತಿರುಗುತ್ತದೆ. ಹಗಲಿರುಳು ಪ್ರೋಟೀನ್ ತಯಾರಿಸುವ ಕ್ಯಾನ್ಸರ್ ಕೋಶಕ್ಕೆ ಇಂಥ ಒತ್ತಡ ತಾಳಿಕೊಳ್ಳುವುದು ಉಳಿವಿನ ಪ್ರಶ್ನೆ.

ಆಸ್ಟಿಯೋಪಾಂಟಿನ್ ಹೇಳುವ ಪಾಠ

ಫ್ಯಾಮ್20ಸಿಯ ಫಾಸ್ಫೇಟ್ ಹೆಚ್ಚಿದಷ್ಟೂ ಕ್ಯಾನ್ಸರ್ ಜೋರು ಎಂದುಕೊಳ್ಳುವುದು ಸುಲಭ. ಇದು ಯಾಕೆ ತಪ್ಪಬಹುದು ಎಂಬುದನ್ನು ಒಂದು ಪ್ರೋಟೀನನ್ನು ಹತ್ತಿರದಿಂದ ನೋಡಿಯೇ ತಿಳಿಯಬೇಕು.

ಆಸ್ಟಿಯೋಪಾಂಟಿನ್ ಮೂಳೆ, ಹಾಲು, ಮೂತ್ರ, ರಕ್ತ ಎಲ್ಲದರಲ್ಲೂ ಇರುವ ಪ್ರೋಟೀನ್. ನಿಗದಿತ ಆಕಾರವಿಲ್ಲದ, ಆಮ್ಲೀಯ ಅಮೈನೋ ಆಮ್ಲಗಳಿಂದ ತುಂಬಿದ ಉದ್ದನೆಯ ಸರಪಳಿ. ನಡುವೆ ಆರ್‌ಜಿಡಿ ಎಂಬ ಮೂರಕ್ಷರದ ತಾಣವಿದ್ದು, ಕೋಶದ ಮೇಲಿನ ಇಂಟೆಗ್ರಿನ್ ಎಂಬ ಅಂಟುವ ಪ್ರೋಟೀನುಗಳು ಅದನ್ನು ಹಿಡಿಯುತ್ತವೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ ಮೊದಲಾದ ಅನೇಕ ಕ್ಯಾನ್ಸರ್‌ಗಳಲ್ಲಿ ಇದರ ಪ್ರಮಾಣ ಏರುತ್ತದೆ. ತಾಯಿಹಾಲಿನ ಆಸ್ಟಿಯೋಪಾಂಟಿನ್‌ನಲ್ಲಿ ಫಾಸ್ಫೇಟ್ ಬೀಳುವ ತಾಣಗಳು 36. ಅವುಗಳಲ್ಲಿ ಹೆಚ್ಚಿನವು ಎಸ್-ಎಕ್ಸ್-ಇ ಬಗೆಯವೇ, ಅಂದರೆ ಫ್ಯಾಮ್20ಸಿಯ ಪಾಲಿನವು.

2007ರಲ್ಲಿ ಡೆನ್ಮಾರ್ಕ್ ಮತ್ತು ಅಮೆರಿಕದ ಸಂಶೋಧಕರು ಇಲಿಯ ಎರಡು ಬಗೆಯ ಕೋಶಗಳು ತಯಾರಿಸಿದ ಆಸ್ಟಿಯೋಪಾಂಟಿನ್ನನ್ನು ಅಕ್ಕಪಕ್ಕ ಇಟ್ಟು ನೋಡಿದರು. ಮೂಳೆ ಕಟ್ಟುವ ಕೋಶಗಳದ್ದರಲ್ಲಿ ಸರಾಸರಿ 21 ಫಾಸ್ಫೇಟ್‌ಗಳಿದ್ದವು. ರಾಸ್ ವಂಶವಾಹಿ ಸೇರಿಸಿ ಕ್ಯಾನ್ಸರ್ ಕೋಶದಂತೆ ಮಾಡಿದ ಫೈಬ್ರೊಬ್ಲಾಸ್ಟ್ ಎಂಬ ಜೋಡಣಾ ಅಂಗಾಂಶದ ಕೋಶಗಳದ್ದರಲ್ಲಿ ಇದ್ದದ್ದು ಸುಮಾರು ನಾಲ್ಕು. ಮನುಷ್ಯರ ಗಡ್ಡೆ ಕೋಶಗಳು ಹೆಚ್ಚು ಚೆನ್ನಾಗಿ ಅಂಟಿಕೊಂಡದ್ದು ಫಾಸ್ಫೇಟ್ ಕಡಿಮೆ ಇದ್ದ ಎರಡನೆಯದಕ್ಕೆ. ಒಂದೊಂದು ಫಾಸ್ಫೇಟೂ ಪ್ರೋಟೀನಿಗೆ ಋಣ ವಿದ್ಯುದಂಶ ಸೇರಿಸುತ್ತದೆ. ಇಪ್ಪತ್ತೊಂದು ಸೇರಿದಾಗ ಆ ಸರಪಳಿ ಕ್ಯಾಲ್ಸಿಯಂ ಹರಳಿಗೆ ಒಗ್ಗುವಂಥದ್ದಾಗುತ್ತದೆ, ಇಂಟೆಗ್ರಿನ್ನಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಇದರ ಅರ್ಥ ಫ್ಯಾಮ್20ಸಿ ಕ್ಯಾನ್ಸರನ್ನು ತಡೆಯುತ್ತದೆ ಎಂದೂ ಅಲ್ಲ. ಎಂಡಿಎ-ಎಂಬಿ-231ರಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಎರಡನ್ನೂ ಒಟ್ಟಿಗೆ ಓದಿದರೆ ಹೊರಡುವ ತೀರ್ಮಾನ ಒಂದೇ: ಯಾವ ಪ್ರೋಟೀನಿನ ಯಾವ ತಾಣದಲ್ಲಿ ಫಾಸ್ಫೇಟ್ ಬಿತ್ತು, ಹೊರಗೆ ಬಂದ ಮೇಲೆ ಅದು ಉಳಿಯಿತೇ ಎಂಬುದೇ ಪರಿಣಾಮವನ್ನು ನಿರ್ಧರಿಸುತ್ತದೆ. ಕೋಶದ ಹೊರಗೆ ಅದನ್ನು ಕಿತ್ತುಹಾಕುವ ಫಾಸ್ಫಟೇಸ್‌ಗಳೂ ಇವೆ. ಕಿಣ್ವದ ಒಟ್ಟು ಪ್ರಮಾಣ ಈ ಕಥೆಯ ಒಂದು ತುಣುಕು ಮಾತ್ರ.

ಬಳಗದ ಉಳಿದವರು

ಎಫ್‌ಜೆಎಕ್ಸ್1 ನೊಣದ ಫೋರ್-ಜಾಯಿಂಟೆಡ್‌ನ ಮನುಷ್ಯ ರೂಪ. ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಇದು ಹೆಚ್ಚಾದ ರೋಗಿಗಳ ಬದುಕಿನ ಅವಧಿ ಕಡಿಮೆ ಎಂದೂ, ಇದು ರಕ್ತನಾಳಗಳ ಬೆಳವಣಿಗೆಗೆ ಒತ್ತಾಸೆಯಾಗುತ್ತದೆಂದೂ 2013ರಲ್ಲಿ ವರದಿಯಾಯಿತು. ಮೂಗಿನ ಹಿಂಭಾಗದ ಗಂಟಲ ಕ್ಯಾನ್ಸರ್‌ನಲ್ಲೂ ಇದರ ಮಟ್ಟ ಏರಿರುತ್ತದೆ. ಆರೋಗ್ಯವಂತ ಅಂಗಾಂಶದಲ್ಲಿ ಇದು ಹೆಚ್ಚಾಗಿ ಕಾಣದ ಕಾರಣ ಮಲೇಷ್ಯಾದ ಸಂಶೋಧಕರು ಇದರ ತುಣುಕನ್ನು ತಲೆ-ಕತ್ತಿನ ಕ್ಯಾನ್ಸರ್ ವಿರುದ್ಧ ಪೆಪ್ಟೈಡ್ ಲಸಿಕೆಯಾಗಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ. ಗಮನಿಸಬೇಕಾದ್ದು: ಆ ಲಸಿಕೆಗೆ ಈ ಪ್ರೋಟೀನ್ ಕೈನೇಸ್ ಆಗಿರುವುದು ಬೇಕೇ ಇಲ್ಲ, ಗಡ್ಡೆಯ ಗುರುತಾಗಿದ್ದರೆ ಸಾಕು.

ಫ್ಯಾಮ್198ಬಿ ಇನ್ನೊಂದು ದಿಕ್ಕಿಗೆ ತೋರಿಸುತ್ತದೆ. ಶ್ವಾಸಕೋಶದ ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್‌ನಲ್ಲಿ ಇದು ಹೆಚ್ಚಿದ್ದವರು ಹೆಚ್ಚು ಕಾಲ ಬದುಕಿದ್ದರು. ಇದು ಕೋಶದ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಇಆರ್‌ಕೆ ಸಂಕೇತವನ್ನು ತಗ್ಗಿಸಿ, ಅಂಗಾಂಶ ಕತ್ತರಿಸುವ ಎಂಎಂಪಿ-1 ಕಿಣ್ವದ ತಯಾರಿಯನ್ನು ಇಳಿಸುತ್ತದೆ ಎಂದು 2018ರ ಅಧ್ಯಯನ ಹೇಳಿತು. ಒಂದೇ ಬಳಗದಲ್ಲಿ ಒಂದು ಗಡ್ಡೆಯ ಕಡೆಗೆ, ಇನ್ನೊಂದು ಅದರ ವಿರುದ್ಧ. 'ಸ್ರಾವ ಹಾದಿಯ ಕೈನೇಸ್‌ಗಳು ಕ್ಯಾನ್ಸರ್ ತರುತ್ತವೆ' ಎಂಬ ಸಾರಾಸಗಟು ಮಾತು ಇಲ್ಲೇ ಬಿದ್ದುಹೋಗುತ್ತದೆ.

ಸಕ್ಕರೆಗೆ ಫಾಸ್ಫೇಟ್ ಹಚ್ಚುವ ಎರಡರ ಬಗ್ಗೆ ಚುಟುಕಾಗಿ. ಫ್ಯಾಮ್20ಬಿ, ಪ್ರೋಟಿಯೋಗ್ಲೈಕಾನ್‌ಗಳಲ್ಲಿ (ಉದ್ದನೆಯ ಸಕ್ಕರೆ ಸರಪಳಿ ಹೊತ್ತ ಪ್ರೋಟೀನುಗಳಲ್ಲಿ) ಸರಪಳಿಯ ಬುಡದಲ್ಲಿರುವ ಕ್ಸೈಲೋಸ್ ಸಕ್ಕರೆಗೆ ಫಾಸ್ಫೇಟ್ ಹಚ್ಚುತ್ತದೆ. ಅದಿಲ್ಲದಿದ್ದರೆ ಸರಪಳಿ ಎರಡನೆಯ ಸಕ್ಕರೆಯಲ್ಲೇ ನಿಂತು ಅದಕ್ಕೆ ಸಿಯಾಲಿಕ್ ಆಮ್ಲದ ಮುಚ್ಚಳ ಬೀಳುತ್ತದೆ, ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿ ಮುಂದೆ ಬೆಳೆಯುವುದಿಲ್ಲ. ಬೆಳವಣಿಗೆಯ ಅಂಶಗಳನ್ನು ಹಿಡಿದು ಗ್ರಾಹಿಗಳಿಗೆ ದಾಟಿಸುವುದು ಇದೇ ಹೆಪರಾನ್ ಸಲ್ಫೇಟ್ ಆದ್ದರಿಂದ ಗಡ್ಡೆಗೆ ಇದರ ಲಾಭವಿದೆ. ಪಿಒಎಂಕೆ, ಡಿಸ್ಟ್ರೊಗ್ಲೈಕಾನ್ ಎಂಬ ಹೊರಪೊರೆಯ ಪ್ರೋಟೀನಿನ ಮೇಲಿನ ಮ್ಯಾನೋಸ್‌ಗೆ ಫಾಸ್ಫೇಟ್ ಹಚ್ಚುತ್ತದೆ. ಅದರ ಮೇಲೆ ಲಾರ್ಜ್ ಎಂಬ ಕಿಣ್ವ ಉದ್ದನೆಯ ಸಕ್ಕರೆ ಸರಪಳಿ ಕಟ್ಟಿ, ಕೋಶ ತನ್ನ ಹೊರಗಿನ ಹಾಸಿನಲ್ಲಿರುವ ಲ್ಯಾಮಿನಿನ್ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುವಂತೆ ಮಾಡುತ್ತದೆ. ಹರಡುವ ಸ್ವಭಾವದ ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಲಾರ್ಜ್ ಮೌನವಾಗಿ, ಈ ಹಿಡಿತವೇ ಕಳಚಿರುತ್ತದೆ. ಅಂಥ ಗಡ್ಡೆಯಲ್ಲಿ ಪಿಒಎಂಕೆ ಎಷ್ಟಿದ್ದರೂ ಪ್ರಯೋಜನವಿಲ್ಲ.

ವಿಎಲ್‌ಕೆ ಬೇರೆಯದೇ ಜಾತಿ. ಇದು ಟೈರೋಸಿನ್ನಿಗೆ ಫಾಸ್ಫೇಟ್ ಹಚ್ಚುತ್ತದೆ ಮತ್ತು ತಾನೇ ಹೊರಗೆ ಬರುತ್ತದೆ. 2014ರಲ್ಲಿ ಹಾರ್ವರ್ಡ್‌ನ ತಂಡವೊಂದು, ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿದಾಗ ಅವು ವಿಎಲ್‌ಕೆಯನ್ನು ಹೊರಬಿಡುತ್ತವೆ, ಎಂಎಂಪಿ-1ರಂಥ ಹೊರಕೋಶದ ಪ್ರೋಟೀನುಗಳು ಅದರ ಗುರಿ ಎಂದು ತೋರಿಸಿತು. ಹೊರಗೆ ಕೈನೇಸ್ ಕೆಲಸ ಮಾಡಲು ಅಲ್ಲಿ ಎಟಿಪಿ ಬೇಕು. ಆರೋಗ್ಯವಂತ ಅಂಗಾಂಶದ ಹೊರದ್ರವದಲ್ಲಿ ಅದು ನ್ಯಾನೋಮೋಲಾರ್ ಮಟ್ಟದಲ್ಲಷ್ಟೇ ಇರುತ್ತದೆ. ಇಲಿಗಳ ಗಡ್ಡೆಯೊಳಗೆ ಅಳೆದಾಗ ನೂರಾರು ಮೈಕ್ರೋಮೋಲಾರ್ ಸಿಕ್ಕಿದೆ. ಗಾಲ್ಜಿಯ ಹೊರಗೂ ಈ ಕಿಣ್ವಗಳು ದುಡಿಯಬಲ್ಲ ವಾತಾವರಣ ಗಡ್ಡೆಯಲ್ಲಿದೆ ಎಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ, ಆದರೂ ಇದರ ಮೇಲೆ ಕೆಲಸ ಕಡಿಮೆ.

ಅಳತೆಯಲ್ಲಿ ಎಡವುವುದು ಎಲ್ಲಿ

ಸಾರ್ವಜನಿಕ ದತ್ತಾಂಶದಿಂದ ಬರುವ ಬಹಳಷ್ಟು ಪ್ರಬಂಧಗಳ ಕ್ರಮ ಒಂದೇ. ಟಿಸಿಜಿಎಯಂಥ ಕ್ಯಾನ್ಸರ್ ದತ್ತಾಂಶ ಸಂಗ್ರಹದಿಂದ ಆರ್‌ಎನ್‌ಎ ಪ್ರಮಾಣ ತೆಗೆದು, ಹೆಚ್ಚು-ಕಡಿಮೆ ಎಂದು ರೋಗಿಗಳನ್ನು ಎರಡು ಗುಂಪು ಮಾಡಿ, ಬದುಕುಳಿದ ಅವಧಿಯ ಗೆರೆ ಎಳೆಯುವುದು. ಇದರಲ್ಲಿ ಮೂರು ಹಂತ ಹಾರಿಹೋಗುತ್ತವೆ. ಇಡೀ ಗಡ್ಡೆಯ ಆರ್‌ಎನ್‌ಎಯಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ಫೈಬ್ರೊಬ್ಲಾಸ್ಟ್, ಮ್ಯಾಕ್ರೊಫೇಜ್, ರಕ್ತನಾಳದ ಕೋಶಗಳದ್ದೂ ಬೆರೆತಿರುತ್ತದೆ. ಫ್ಯಾಮ್20ಸಿ ಹೆಚ್ಚಿದ್ದರೆ ಅದು ಯಾರದ್ದೆಂದು ಗೊತ್ತಾಗುವುದಿಲ್ಲ. ಆರ್‌ಎನ್‌ಎ ಹೆಚ್ಚಿದ್ದರೆ ಪ್ರೋಟೀನ್ ಅಷ್ಟೇ ಹೆಚ್ಚು ಎಂದಿಲ್ಲ. ಪ್ರೋಟೀನ್ ಇದ್ದರೂ ಅದರ ಚಟುವಟಿಕೆ ಬೇರೆ ಮಾತು: ಫ್ಯಾಮ್20ಸಿಗೆ ಫ್ಯಾಮ್20ಎ ಜೋಡಿಯಾದಾಗ ವೇಗ ಏರುತ್ತದೆ. ಈ ಫ್ಯಾಮ್20ಎ ತಾನಾಗಿ ಫಾಸ್ಫೇಟ್ ಹಚ್ಚಲಾರದ ಹುಸಿ ಕೈನೇಸ್, ಎಟಿಪಿಯನ್ನು ತಲೆಕೆಳಗಾಗಿ ಹಿಡಿದು ಕೂರುತ್ತದೆ. ಅದರ ಮಟ್ಟ ನೋಡದೆ ಫ್ಯಾಮ್20ಸಿಯ ಮಟ್ಟ ಮಾತ್ರ ನೋಡಿದರೆ ಅರ್ಧ ಲೆಕ್ಕ.

ಕೋಶಗಳಲ್ಲಿ ಪರೀಕ್ಷೆ ಮಾಡುವವರು ಮೊದಲು ವಂಶವಾಹಿಯನ್ನು ತೆಗೆದು, ಆಮೇಲೆ ಎರಡು ರೂಪಗಳನ್ನು ಬೇರೆಬೇರೆಯಾಗಿ ಮರಳಿ ಸೇರಿಸಬೇಕು: ಸಹಜ ರೂಪ, ಮತ್ತು 478ನೇ ಆಸ್ಪಾರ್ಟೇಟ್ ಬದಲು ಅಲನೈನ್ ಇಟ್ಟ ನಿಷ್ಕ್ರಿಯ ರೂಪ. ಸಹಜ ರೂಪದಿಂದ ಮಾತ್ರ ಲಕ್ಷಣ ಮರಳಿದರೆ ಕೈನೇಸ್ ಚಟುವಟಿಕೆಯೇ ಕಾರಣ ಎನ್ನಬಹುದು. ಎರಡರಿಂದಲೂ ಮರಳಿದರೆ ವಿಷಯ ಬೇರೆ.

ಸ್ರಾವ ಸಂಗ್ರಹಿಸುವಾಗ ಕರುವಿನ ಸೀರಂ ದೊಡ್ಡ ಕಾಟ. ಅದರಲ್ಲಿ ಫೆಟುಯಿನ್-ಎ ಹೇರಳವಾಗಿದೆ, ಅದೇ ಎಸ್-ಎಕ್ಸ್-ಇ ಫಾಸ್ಫೇಟ್ ಹೊತ್ತ ಪ್ರೋಟೀನ್. ಆದ್ದರಿಂದ ಕೋಶಗಳನ್ನು ಸೀರಂ ಇಲ್ಲದ ದ್ರವದಲ್ಲಿ ಎರಡು-ಮೂರು ಸಲ ತೊಳೆದು, ಒಂದು ದಿನದೊಳಗೆ ಸ್ರಾವ ತೆಗೆಯುವುದು ವಾಡಿಕೆ. ಹೆಚ್ಚು ಹೊತ್ತು ಬಿಟ್ಟರೆ ಕೋಶಗಳು ಸತ್ತು ಒಳದ್ರವ ಸೋರುತ್ತದೆ, ಅದರ ಜೊತೆ ಕೇಸಿನ್ ಕೈನೇಸ್-2 ಹಚ್ಚಿದ ಫಾಸ್ಫೇಟ್‌ಗಳೂ ಬರುತ್ತವೆ. ಅದರ ಗುರುತು ಎಸ್-ಎಕ್ಸ್-ಎಕ್ಸ್-ಇ. ಸೀರಿನ್ನಿನ ಮುಂದೆ ಗ್ಲುಟಾಮೇಟ್‌ಗಳು ಸಾಲಾಗಿದ್ದರೆ ಎರಡೂ ಗುರುತು ಒಂದೇ ಕಡೆ ಹೊಂದಿಕೊಂಡು ಗೊಂದಲವಾಗುತ್ತದೆ. ಸ್ರಾವದಲ್ಲಿ ಎಲ್‌ಡಿಎಚ್ ಎಂಬ ಒಳದ್ರವದ ಕಿಣ್ವವನ್ನು ಅಳೆದರೆ ಸೋರಿಕೆ ಎಷ್ಟೆಂದು ಗೊತ್ತಾಗುತ್ತದೆ.

ಇನ್ನೊಂದು ತೊಡಕು ತೂಕದ್ದು. ಫಾಸ್ಫೇಟ್ ಬಿದ್ದರೆ ಪೆಪ್ಟೈಡಿನ ತೂಕ 79.966 ಡಾಲ್ಟನ್ ಏರುತ್ತದೆ, ಸಲ್ಫೇಟ್ ಬಿದ್ದರೆ 79.957. ಗಾಲ್ಜಿಯಲ್ಲಿ ಎರಡೂ ನಡೆಯುತ್ತವೆ. ಕಡಿಮೆ ನಿಖರತೆಯ ಉಪಕರಣದಲ್ಲಿ ಇವೆರಡೂ ಒಂದೇ ಆಗಿ ಕಾಣುತ್ತವೆ. ಇಂಥ ಕೆಲಸಕ್ಕೆ ಬೇಕಾದ ಅನುಭವ ನಮ್ಮಲ್ಲೂ ಇದೆ: 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ, 17,294 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿದ ಮಾನವ ಪ್ರೋಟಿಯೋಮ್ ನಕ್ಷೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ಜೊತೆಗೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಪಾಲುದಾರನಾಗಿತ್ತು.

ರೋಗಿಯ ರಕ್ತದಲ್ಲಿ ಅಳೆಯುವುದಾದರೆ ಸೀರಂ ಬೇಡ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಹಾಕಿದ ಕೊಳವೆಯ ಪ್ಲಾಸ್ಮಾ ಬೇಕು. ರಕ್ತ ಹೆಪ್ಪುಗಟ್ಟುವಾಗ ಥ್ರಾಂಬಿನ್ ಎಂಬ ಕಿಣ್ವ ಆಸ್ಟಿಯೋಪಾಂಟಿನ್ನನ್ನು ಕತ್ತರಿಸುತ್ತದೆ, ಪ್ಲೇಟ್‌ಲೆಟ್‌ಗಳು ಎಟಿಪಿಯನ್ನೂ ವಿಎಲ್‌ಕೆಯನ್ನೂ ಚೆಲ್ಲುತ್ತವೆ. ಆಮೇಲೆ ಅಳೆದ ಫಾಸ್ಫೇಟ್ ರೋಗಿಯ ದೇಹದ್ದೋ, ಕೊಳವೆಯಲ್ಲಿ ಆದದ್ದೋ ಹೇಳಲಾಗದು.

ಔಷಧದ ದಾರಿ

ಫ್ಯಾಮ್20ಸಿಗೆ ಒಂದು ಅನುಕೂಲವಿದೆ. ಇದರ ರಚನೆ ಸಾಮಾನ್ಯ ಕೈನೇಸ್‌ಗಳಿಗಿಂತ ಭಿನ್ನ. ಚಟುವಟಿಕೆಗೆ ಮ್ಯಾಂಗನೀಸ್ ಬೇಕು, ಹೆಚ್ಚುಕಡಿಮೆ ಎಲ್ಲ ಕೈನೇಸ್‌ಗಳನ್ನೂ ತಡೆಯುವ ಸ್ಟಾರೋಸ್ಪೊರಿನ್ ಇದಕ್ಕೆ ನಾಟುವುದಿಲ್ಲ. ಹಾಗಾಗಿ ಇದನ್ನಷ್ಟೇ ಹಿಡಿಯುವ ಅಣುವನ್ನು ರೂಪಿಸಲು ಆಸ್ಪದವಿದೆ. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಎಫ್‌ಎಲ್-1607 ಎಂಬ ಪ್ರತಿಬಂಧಕವನ್ನು 2021ರಲ್ಲಿ ವರದಿ ಮಾಡಲಾಗಿದೆ. ಅನಾನುಕೂಲವೂ ಇದೆ. ಅಣು ಹೊರಪೊರೆ ದಾಟಿ, ಮತ್ತೆ ಗಾಲ್ಜಿಯ ಪೊರೆ ದಾಟಬೇಕು. ಒಳಗೆ ತುಸು ಆಮ್ಲೀಯ ವಾತಾವರಣ. ಪ್ರನಾಳದಲ್ಲಿ ಚೆನ್ನಾಗಿ ತಡೆದ ಅಣು ಕೋಶದಲ್ಲಿ ಸೋಲುವುದು ಇಂಥ ಕಡೆಯೇ. ಕಿಣ್ವವನ್ನು ತಯಾರಿಸುವುದೂ ಸಲೀಸಲ್ಲ: ಒಳಗೆ ಗಂಧಕದ ಬಂಧಗಳು, ಮೇಲೆ ಸಕ್ಕರೆ ಸರಪಳಿಗಳು ಇರುವುದರಿಂದ ಬ್ಯಾಕ್ಟೀರಿಯಾ ಬಿಟ್ಟು ಕೀಟಗಳ ಕೋಶಗಳಲ್ಲಿ ತಯಾರಿಸಬೇಕಾಗುತ್ತದೆ.

ದೊಡ್ಡ ಚಿಂತೆ ಮೂಳೆಯದು. ಫ್ಯಾಮ್20ಸಿಯ ಎರಡೂ ಪ್ರತಿ ಕೆಟ್ಟು ಹುಟ್ಟುವ ಮಕ್ಕಳಿಗೆ ರೇನ್ ಸಿಂಡ್ರೋಮ್ ಬರುತ್ತದೆ. ಮೂಳೆ ಅತಿಯಾಗಿ ಗಟ್ಟಿಯಾಗಿ, ಬಹಳಷ್ಟು ಶಿಶುಗಳು ಹುಟ್ಟಿದ ಕೆಲವೇ ದಿನ, ವಾರಗಳಲ್ಲಿ ತೀರಿಕೊಳ್ಳುತ್ತವೆ. ಬದುಕುಳಿದವರಲ್ಲಿ ರಕ್ತದ ಫಾಸ್ಫೇಟ್ ಇಳಿಯುವುದು, ಹಲ್ಲಿನ ದೋಷ ಕಾಣುತ್ತದೆ. ಫಾಸ್ಫೇಟ್ ಇಳಿಯಲು ಕಾರಣ ಎಫ್‌ಜಿಎಫ್23 ಎಂಬ ಹಾರ್ಮೋನು. ಅದರ 180ನೇ ಸೀರಿನ್ನಿಗೆ ಫ್ಯಾಮ್20ಸಿ ಫಾಸ್ಫೇಟ್ ಹಚ್ಚಿದರೆ ಫ್ಯೂರಿನ್ ಎಂಬ ಕಿಣ್ವ ಆ ಹಾರ್ಮೋನನ್ನು ತುಂಡರಿಸಿ ನಿಷ್ಕ್ರಿಯಗೊಳಿಸುತ್ತದೆ. ಹಚ್ಚದಿದ್ದರೆ ಹಾರ್ಮೋನು ಇಡಿಯಾಗಿ ಉಳಿದು, ಮೂತ್ರಪಿಂಡದ ಮೂಲಕ ಫಾಸ್ಫೇಟ್ ಪೋಲಾಗುತ್ತದೆ. ಅಂದರೆ ಫ್ಯಾಮ್20ಸಿಯನ್ನು ದೇಹದಾದ್ಯಂತ ತಡೆಯುವ ಯಾವ ಔಷಧವೇ ಆಗಲಿ, ಅದರ ಪ್ರಯೋಗದಲ್ಲಿ ರಕ್ತದ ಫಾಸ್ಫೇಟ್ ಮತ್ತು ಇಡಿಯಾದ ಎಫ್‌ಜಿಎಫ್23 ಎರಡನ್ನೂ ಮೊದಲ ವಾರದಿಂದಲೇ ನೋಡುತ್ತಿರಬೇಕು. ಇದುವರೆಗೆ ಈ ಬಳಗದ ಯಾವ ಕೈನೇಸ್ ವಿರುದ್ಧವೂ ಬಳಕೆಗೆ ಒಪ್ಪಿಗೆ ಪಡೆದ ಕ್ಯಾನ್ಸರ್ ಔಷಧವಿಲ್ಲ.

ಹೆಚ್ಚು ಜಾಣತನದ ದಾರಿ ಎಂದು ನನಗನಿಸುವುದು ಫ್ಯಾಮ್20ಎ ಮತ್ತು ಸಿ ಸೇರುವ ಮೈಯನ್ನೇ ಬಿಡಿಸುವುದು. ಕಿಣ್ವ ಪೂರ್ತಿ ನಿಲ್ಲದೆ ವೇಗ ಮಾತ್ರ ತಗ್ಗುತ್ತದೆ. ಫ್ಯಾಮ್20ಎ ಹುಟ್ಟಿನಿಂದಲೇ ಇಲ್ಲದವರು ಬದುಕಿ ಬಾಳುತ್ತಾರೆ ಎಂಬುದು ಇದಕ್ಕೆ ಬಲ ಕೊಡುತ್ತದೆ. ಅವರ ಹಲ್ಲಿನ ಎನಾಮಲ್ ಸರಿಯಾಗಿ ಕಟ್ಟಿರುವುದಿಲ್ಲ, ಎನಾಮಲ್ ಕಟ್ಟುವ ವಯಸ್ಸು ದಾಟಿದ ವಯಸ್ಕ ರೋಗಿಗೆ ಆ ಭಯವಿಲ್ಲ. ಆದರೆ ಅವರಲ್ಲಿ ಅನೇಕರ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಕೂಡಿಕೊಳ್ಳುತ್ತದೆ. ಈ ದಾರಿ ಹಿಡಿಯುವವರು ಇಲಿಗಳ ಮೇಲಿನ ಪ್ರಯೋಗದಲ್ಲಿ ಗಡ್ಡೆಯ ಅಳತೆಯ ಜೊತೆಗೆ ಮೂತ್ರಪಿಂಡದ ತುಂಡುಗಳನ್ನೂ ಕ್ಯಾಲ್ಸಿಯಂ ಬಣ್ಣ ಹಾಕಿ ನೋಡಲೇಬೇಕು.